ಸರ್ಪಸುತ್ತು, ನರಗಳು ಮತ್ತು ಶಕ್ತಿ ಕುಂದಿದ ದೇಹ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಹಿರೇಕೊಟ್ನೆಕಲ್‌ನಲ್ಲಿ ಏರ್ಪಡಿಸಿದ್ದ ಆರೋಗ್ಯ ಉಪನ್ಯಾಸದ ಬರಹರೂಪ. ಭಾಷಣಕಾರರು ನಿವೃತ್ತ ಸರಕಾರಿ ವೈದ್ಯಾಧಿಕಾರಿಗಳು.)



ಬೆಳ್ಳಿಹಬ್ಬದ ಸಂಭ್ರಮದಲ್ಲಿ ರೋಗದ ಮಾತು ಯಾಕೆ ಬೇಕಿತ್ತು ಅಂತ ಕೆಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತ್ತು. ಆದರೆ ಕಾರ್ಯದರ್ಶಿಗಳು ಮನೆಗೆ ಬಂದು ಪಟ್ಟು ಹಿಡಿದು ಕುಂತರು. "ಸರ್ರ, ಶುಗರ್ ಬಗ್ಗೆ, ಬಿ.ಪಿ. ಬಗ್ಗೆ ಎಲ್ಲಾರೂ ಹೇಳ್ತಾರ. ನೀವು ಸರ್ಪದ ಬಗ್ಗೆ ಹೇಳ್ರಿ. ನಮ್ಮ ಸದಸ್ಯರೊಬ್ಬರಿಗೆ ಹುಣ್ಣು ಮಾಯ್ದು ವರ್ಷ ಆತು, ಉರಿ ಮಾತ್ರ ಹೋಗವಲ್ದು. ಮನ್ಯಾಗಿನವರು ನಾಟಕ ಮಾಡ್ತಾನ ಅಂತಾರ" ಅಂದರು. ಆ ಕೊನೆಯ ಮಾತು ಕೇಳಿ ಒಪ್ಪಿಕೊಂಡೆ. ಆ ಯಜಮಾನರು ಇವತ್ತು ಈ ಸಭೆಯಲ್ಲಿ ಇದ್ದಾರೋ ಇಲ್ಲವೋ ನನಗೆ ತಿಳಿಯದು. ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ಅದು ನಾಟಕವಲ್ಲ. ಯಾಕಲ್ಲ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಸರ್ಪಸುತ್ತು ಅಂದರೆ ನಿಮಗೆಲ್ಲ ಗೊತ್ತು. ಸೊಂಟಕ್ಕೋ, ಎದೆಗೋ, ಹಣೆಗೋ ಒಂದೇ ಮಗ್ಗುಲಿಗೆ ಪಟ್ಟಿ ಕಟ್ಟಿದಂತೆ ನೀರ್ಗುಳ್ಳೆ ಏಳುತ್ತವೆ. ಅದಕ್ಕೂ ಎರಡು ಮೂರು ದಿನ ಮುಂಚೆ ಅದೇ ಜಾಗದಲ್ಲಿ ಉರಿ, ಚಳಕು, ಮುಟ್ಟಿದರೆ ಬೆಂಕಿ. ಗುಳ್ಳೆ ಏಳುವ ಮೊದಲು ಇದು ಏನು ಅಂತ ಹೇಳುವುದು ಡಾಕ್ಟರಿಗೂ ಕಷ್ಟ. ಎದೆ ಮೇಲೆ ಬಂದರೆ ಹಾರ್ಟ್ ಅಂತ ಓಡುತ್ತಾರೆ, ಸೊಂಟಕ್ಕೆ ಬಂದರೆ ಕಲ್ಲು ಅಂತ ಸ್ಕ್ಯಾನಿಂಗ್ ಮಾಡಿಸುತ್ತಾರೆ. ನಾನೂ ಒಬ್ಬರಿಗೆ ಬೆನ್ನಿಗೆ ಹಚ್ಚುವ ಮುಲಾಮು ಬರೆದು ಕಳಿಸಿ, ಮೂರನೇ ದಿನ ಅವರು ಅಂಗಿ ಎತ್ತಿ ತೋರಿಸಿದಾಗ ನಾಚಿದ್ದುಂಟು.

ಹಾವಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಮಕ್ಕಳಿಗೆ ಬರುವ ಸೀತಾಳೆ ಸಿಡುಬಿನ ವೈರಾಣುವೇ. "ಅಮ್ಮ ಬಂದಾಳ" ಅಂತ ಬೇವಿನ ಸೊಪ್ಪು ಕಟ್ಟುತ್ತೀವಲ್ಲ, ಆ ಅಮ್ಮ. ಗುಳ್ಳೆ ಒಣಗಿ, ಮಗು ಆಟಕ್ಕೆ ಹೋದ ಮೇಲೆ ನಾವು ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳುತ್ತೇವೆ. ಆದರೆ ವೈರಾಣು ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಎರಡೂ ಬದಿಗೆ, ತಲೆಬುರುಡೆಯ ತಳದಲ್ಲಿ, ನರಗಳ ಬುಡಕ್ಕೆ ಸಣ್ಣ ಸಣ್ಣ ಗಂಟುಗಳಿವೆ. ಅಲ್ಲಿ ಹೋಗಿ ಮಲಗಿಬಿಡುತ್ತದೆ. ಸಂಘದ ಲೆಡ್ಜರಿನಲ್ಲಿ ಹಳೇ ಬಾಕಿ ಉಳಿದಂತೆ, ಮೂವತ್ತು ನಲವತ್ತು ವರ್ಷ ಯಾರೂ ಆ ಪುಟ ತೆರೆಯುವುದಿಲ್ಲ. ದೇಹದ ಕಾವಲು ಶಕ್ತಿ ಗಟ್ಟಿ ಇರುವತನಕ ಅದು ಸುಮ್ಮನಿರುತ್ತದೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ, ಔಷಧದಿಂದಲೋ ಆ ಕಾವಲು ಸಡಿಲ ಆದಾಗ ಏಳುತ್ತದೆ. ಎದ್ದು ತಾನು ಮಲಗಿದ್ದ ನರದ ಗುಂಟ ಚರ್ಮಕ್ಕೆ ಇಳಿದು ಬರುತ್ತದೆ. ಅದಕ್ಕೇ ಪಟ್ಟಿಯಾಕಾರ, ಅದಕ್ಕೇ ಒಂದೇ ಮಗ್ಗುಲು.

ಈ ಎರಡೂ ರೋಗ ಒಂದೇ ಅಂತ ತಿಳಿಯಲು ದೊಡ್ಡ ದೊಡ್ಡ ಪ್ರಯೋಗಶಾಲೆಯವರಿಗಿಂತ ಮೊದಲು ಕಣ್ಣು ತೆರೆದು ನೋಡುವ ಡಾಕ್ಟರುಗಳು ಬೇಕಾದರು. ಬುಡಾಪೆಸ್ಟಿನ ಬೋಕೈ ಎಂಬ ಮಕ್ಕಳ ವೈದ್ಯರು, ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಆದಮೇಲೆ ಮಕ್ಕಳಿಗೆ ಸೀತಾಳೆ ಸಿಡುಬು ಏಳುವುದನ್ನು 1892ರ ಹೊತ್ತಿಗೇ ಗುರುತಿಸಿದ್ದರು. ಆಮೇಲೆ ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರಲ್ಲಿ ಹೋಪ್ ಸಿಂಪ್ಸನ್ ಎಂಬ ಸಾದಾ ಡಾಕ್ಟರು, ನಮ್ಮ ನಿಮ್ಮಂಥವರಿಗೆ ಔಷಧ ಕೊಡುತ್ತಿದ್ದವರು, 16 ವರ್ಷ ತಮ್ಮ ದವಾಖಾನೆಗೆ ಬಂದ 192 ಸರ್ಪಸುತ್ತಿನ ರೋಗಿಗಳ ಲೆಕ್ಕ ಬರೆದಿಟ್ಟರು. 1965ರಲ್ಲಿ ಅದನ್ನು ಪ್ರಕಟಿಸಿ, ಒಳಗೆ ಮಲಗಿದ ವೈರಾಣುವೇ ಕಾವಲು ಕುಗ್ಗಿದಾಗ ಎದ್ದು ಬರುತ್ತದೆ ಎಂದು ವಾದಿಸಿದರು. ಲೆಕ್ಕ ಸರಿಯಾಗಿ ಬರೆದಿಡುವುದರ ಬೆಲೆ ಸಹಕಾರಿಗಳಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಮ್ಮ ಊರ ಕಡೆಯ ನಂಬಿಕೆಗೆ ಬರೋಣ. "ಹಾವಿನ ತಲಿ ಬಾಲ ಕೂಡಿದ್ರ ಮನಷ್ಯಾ ಉಳಿಯಂಗಿಲ್ಲ" ಅಂತಾರೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಈ ಮಾತು ಕೇಳಿ ನಕ್ಕಿದ್ದೆ. ಆಮೇಲೆ ಅನುಭವ ಆದಂತೆ ನಗು ನಿಂತಿತು. ಯಾಕೆಂದರೆ, ಗಟ್ಟಿಮುಟ್ಟಾದ ಮನುಷ್ಯನಿಗೆ ಇದು ನಡುಗೆರೆ ದಾಟುವುದಿಲ್ಲ. ಎಡಗಡೆಯ ನರ ಎಡಕ್ಕೆ, ಬಲಗಡೆಯದು ಬಲಕ್ಕೆ. ತಲೆ ಬಾಲ ಕೂಡುವ ಪ್ರಶ್ನೆಯೇ ಇಲ್ಲ. ಗುಳ್ಳೆಗಳು ಎರಡೂ ಮಗ್ಗುಲಿಗೆ ಬಂದವು, ಮೈತುಂಬ ಹರಡಿದವು ಅಂದರೆ ಆ ದೇಹದ ಕಾವಲು ಬಹಳ ಕುಸಿದಿದೆ ಎಂದರ್ಥ. ಅಂಥವರು ಹಿಂದಿನ ಕಾಲಕ್ಕೆ ನಿಜವಾಗಿಯೂ ಉಳಿಯುತ್ತಿರಲಿಲ್ಲ. ಸುತ್ತು ಕೂಡಿದ್ದಕ್ಕೆ ಸಾಯಲಿಲ್ಲ, ಸಾಯುವಷ್ಟು ಬಲ ಕುಂದಿದ್ದಕ್ಕೆ ಸುತ್ತು ಕೂಡಿತು. ನಮ್ಮ ಹಿರಿಯರು ನೋಡಿದ್ದು ಖರೆ, ಕಾರಣ ಹೇಳಿದ್ದು ಬೇರೆ.

ಹಂಗಾದರೆ ಬಲ ಕುಂದಿದವರು ಯಾರು? ವಯಸ್ಸು ಐವತ್ತು ಅರವತ್ತು ದಾಟಿದವರು ಸ್ವಲ್ಪ ಮಟ್ಟಿಗೆ ಎಲ್ಲರೂ. ಬಹಳ ದಿನದ ಸಕ್ಕರೆ ಕಾಯಿಲೆ ಇದ್ದವರು. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕಿಡ್ನಿ ಬದಲಿ ಮಾಡಿಸಿಕೊಂಡು ಅದರ ಗುಳಿಗೆ ನುಂಗುವವರು. ಕ್ಯಾನ್ಸರಿಗೆ ಔಷಧ, ಕರೆಂಟ್ ಪಡೆಯುತ್ತಿರುವವರು. ಎಚ್.ಐ.ವಿ. ಇದ್ದವರು. ಇನ್ನೊಂದು ಗುಂಪು ಇದೆ, ಅವರು ತಾವು ಈ ಪಟ್ಟಿಯಲ್ಲಿದ್ದೇವೆ ಅಂತ ತಿಳಿಯದೇ ಇರುವವರು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಗುಳಿಗೆ ತಿನ್ನುವವರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊಣಕಾಲು ನೋವಿಗೆ, ದಮ್ಮಿಗೆ, ಮೈಕೈ ನೋವಿಗೆ ಪುಡಿಕೆಯಲ್ಲಿ ಕಟ್ಟಿ ಕೊಡುವ ಗುಳಿಗೆಗಳಿವೆ. ತಗೊಂಡ ದಿನವೇ ನೋವು ಮಾಯ, ಹಸಿವು ಹೆಚ್ಚು, ಮಾರಿ ದುಂಡಗೆ ತುಂಬಿಕೊಳ್ಳುತ್ತದೆ. "ಆ ಡಾಕ್ಟ್ರ ಕೈಗುಣ ಭಾಳ ಛಲೋ" ಅಂತ ಊರೆಲ್ಲ ಹೋಗುತ್ತದೆ. ಆ ಪುಡಿಕೆಯಲ್ಲಿ ಎಷ್ಟೋ ಸಲ ಇರುವುದು ಸ್ಟೀರಾಯ್ಡ್. ಅದು ಕೆಟ್ಟ ಔಷಧ ಅಂತ ನಾನು ಹೇಳುತ್ತಿಲ್ಲ. ಜೀವ ಉಳಿಸುವ ಔಷಧ ಅದು. ಆದರೆ ದೇಹದ ಕಾವಲುಗಾರನಿಗೆ ನಿದ್ದೆ ಬರಿಸುತ್ತದೆ. 2021ರಲ್ಲಿ ಕೊರೋನಾ ಎರಡನೇ ಅಲೆ ಬಂದಾಗ ಕಪ್ಪು ಶಿಲೀಂಧ್ರ ಅಂತ ಕಣ್ಣು, ದವಡೆ ಕಳಕೊಂಡವರ ಸುದ್ದಿ ಓದಿದ್ದೀರಿ. ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡ್ ಮಿತಿಮೀರಿದ್ದೂ ಅದಕ್ಕೆ ಒಂದು ದೊಡ್ಡ ಕಾರಣ ಆಗಿತ್ತು.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಊರು ಹೇಳುವುದಿಲ್ಲ. ಮೂರು ವರ್ಷ ಕೀಲುಬೇನೆಗೆ ಇಂಥ ಗುಳಿಗೆ ತಿಂದಿದ್ದರು. ಎಡಗಡೆ ಸೊಂಟದ ಮೇಲೆ ಸರ್ಪ ಎದ್ದಿತು. ಮನೆಯವರು ಜಾಜು ಹಚ್ಚಿಸಿದರು, ಎರಡು ದಿನ ಕಾದರು. ನಾಲ್ಕನೇ ದಿನ ಮಾರಿ, ಬೆನ್ನು, ತೊಡೆ ಎಲ್ಲಾ ಕಡೆ ಗುಳ್ಳೆ. ಎಂಟನೇ ದಿನ ಬೆಳಿಗ್ಗೆ ಎದ್ದು ನಿಲ್ಲಲು ಹೋದರೆ ಎಡಗಾಲು ಮಾತು ಕೇಳಲಿಲ್ಲ. ಸಂಜೆಯ ಹೊತ್ತಿಗೆ ಮೂತ್ರ ಬಂದ್. ಹೊಟ್ಟೆ ಉಬ್ಬಿಕೊಂಡು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ಮಗ ಕೇಳಿದ, "ಸರ್ರ, ಹುಣ್ಣು ಚರ್ಮಕ್ಕ ಆಗೈತಿ, ಕಾಲು ಯಾಕ ಹೋತು?"

ಆ ಹುಡುಗನಿಗೆ ಆವತ್ತು ನಾನು ಹೇಳಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆ ನಿಮಗೆ ಗೊತ್ತು. ಮೇನ್ ಕೆನಾಲ್‌ನಿಂದ ಉಪಕಾಲುವೆ, ಉಪಕಾಲುವೆಯಿಂದ ತೂಬು, ತೂಬಿನಿಂದ ಹೊಲಗಾಲುವೆ, ಆಮೇಲೆ ನಿಮ್ಮ ಗದ್ದೆ. ನರಗಳೂ ಹಾಗೆಯೇ. ಮೆದುಳು ಮತ್ತು ಬೆನ್ನುಹುರಿ ಮೇನ್ ಕೆನಾಲ್. ಅಲ್ಲಿಂದ ಹೊರಡುವ ಒಂದೊಂದು ನರ ಒಂದೊಂದು ಉಪಕಾಲುವೆ, ಮೈಮೇಲೆ ತನ್ನ ಅಚ್ಚುಕಟ್ಟಿಗೆ ಮಾತ್ರ ಹರಿಯುತ್ತದೆ. ವೈರಾಣು ಕೂತಿರುವುದು ಉಪಕಾಲುವೆಯ ಬಾಯಿಯ ಹತ್ತಿರ. ಸಾಮಾನ್ಯ ಜನರಲ್ಲಿ ಅದು ಕೆಳಗೆ ಗದ್ದೆಯ ಕಡೆ, ಅಂದರೆ ಚರ್ಮದ ಕಡೆ ಹರಿಯುತ್ತದೆ. ಮೇಲಕ್ಕೆ ಹೋಗಲು ನೋಡಿದರೆ ಕಾವಲು ತಡೆಯುತ್ತದೆ. ಕಾವಲು ಇಲ್ಲದ ದೇಹದಲ್ಲಿ ಅದು ಉಲ್ಟಾ ಹರಿದು ಮೇನ್ ಕೆನಾಲ್ ಸೇರುತ್ತದೆ. ನೀರು ಮೇಲಕ್ಕೆ ಹರಿಯುವುದಿಲ್ಲ, ನನ್ನ ಹೋಲಿಕೆ ಅಲ್ಲಿಗೆ ಮುರಿಯುತ್ತದೆ ಅಂತ ಎಂಜಿನಿಯರ್ ಸಾಹೇಬರು ನಗುತ್ತಿದ್ದಾರೆ. ಇರಲಿ. ವೈರಾಣುವಿಗೆ ಇಳಿಜಾರಿನ ಹಂಗಿಲ್ಲ.

ಆ ತಾಯಿಗೆ ಆಗಿದ್ದು ಬೆನ್ನುಹುರಿಯ ಉರಿಯೂತ. ರಾಯಚೂರಿಗೆ ಕಳಿಸಿದೆವು. ರಕ್ತನಾಳಕ್ಕೆ ಅಸೈಕ್ಲೋವಿರ್ ಔಷಧ ಎಂಟು ತಾಸಿಗೊಮ್ಮೆಯಂತೆ ಎರಡು ವಾರ ಹೋಯಿತು. ಮೂತ್ರಕ್ಕೆ ನಳಿಕೆ ಹಾಕಿದರು. ಬದುಕಿದರು. ನಾಲ್ಕೈದು ತಿಂಗಳಿಗೆ ಕೋಲು ಹಿಡಿದು ಓಡಾಡಿದರು. ಕೋಲು ಮಾತ್ರ ಬಿಡಲಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನು ಕೇಳಿ ಮನೆಗೆ ಹೋಗಿ "ಡಾಕ್ಟ್ರು ಸ್ಟೀರಾಯ್ಡ್ ಕೆಟ್ಟದ್ದು ಅಂದರು" ಅಂತ ನಾಳೆಯಿಂದಲೇ ಗುಳಿಗೆ ಎಸೆಯಬೇಡಿ. ಬಹಳ ದಿನ ತಿಂದವರು ಒಮ್ಮೆಲೇ ಬಿಟ್ಟರೆ ಬಿ.ಪಿ. ಬಿದ್ದು ಪ್ರಾಣಕ್ಕೆ ಸಂಚಕಾರ ಬರುತ್ತದೆ. ತಿನ್ನುವ ಗುಳಿಗೆಯ ಚೀಟಿಯನ್ನೋ, ಪುಡಿಕೆಯನ್ನೋ ಸರಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ನಿಧಾನಕ್ಕೆ ಇಳಿಸುವ ಕ್ರಮ ಅವರು ಹೇಳುತ್ತಾರೆ.

ನರಗಳಿಗೆ ಆಗುವ ತೊಂದರೆ ಇನ್ನೂ ಏನೇನು ಅಂದರೆ, ಮಾರಿಯಿಂದ ಶುರು ಮಾಡೋಣ. ಹಣೆ, ರೆಪ್ಪೆ, ಮೂಗಿನ ಮೇಲೆ ಸರ್ಪ ಎದ್ದರೆ ಅದು ಕಣ್ಣಿನ ನರ. ಮೂಗಿನ ತುದಿಗೆ ಗುಳ್ಳೆ ಬಂತೆಂದರೆ ಕಣ್ಣುಗುಡ್ಡೆಗೂ ಹೋಗುವ ಸಂಭವ ಹೆಚ್ಚು, ಏಕೆಂದರೆ ಎರಡಕ್ಕೂ ಹೋಗುವುದು ಒಂದೇ ಟೊಂಗೆ. ಅಂಥವರು ಆ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಎಚ್.ಐ.ವಿ. ಬಹಳ ಮುಂದುವರಿದವರಲ್ಲಿ ಕಣ್ಣಿನ ಹಿಂದಿನ ಪರದೆಯೇ ದಿನಗಳಲ್ಲಿ ಹಾಳಾಗುವುದುಂಟು. ಅದು ನೋವಿಲ್ಲದೆ ಆಗುತ್ತದೆ, ಅದಕ್ಕೇ ಮೋಸ. ಕಿವಿಯ ಒಳಗೆ ಗುಳ್ಳೆ ಎದ್ದು, ಆ ಬದಿಯ ಮಾರಿ ಸೊಟ್ಟಾಗಿ, ಕಿವಿ ಮಂದವಾಗಿ, ತಲೆ ತಿರುಗುವುದು ಇನ್ನೊಂದು ಬಗೆ. ರಾಮ್ಸೆ ಹಂಟ್ ಎಂಬ ವೈದ್ಯರು 1907ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ನಿಂತಿದೆ. ನಮ್ಮಲ್ಲಿ ಇದನ್ನು ಲಕ್ವಾ ಅಂದುಕೊಂಡು ಪಾರಿವಾಳದ ರಕ್ತ ಹಚ್ಚಿಸಲು ಹೋಗುತ್ತಾರೆ. ಕಿವಿಯೊಳಗೆ ಬ್ಯಾಟರಿ ಬಿಟ್ಟು ನೋಡಿದರೆ ಗುಳ್ಳೆ ಕಾಣುತ್ತದೆ. ನೋಡುವವರು ಬೇಕು ಅಷ್ಟೇ.

ಮೆದುಳಿನ ಪೊರೆಗೆ, ಮೆದುಳಿಗೆ ಹತ್ತಿದರೆ ಜ್ವರ, ಸಹಿಸಲಾರದ ತಲೆನೋವು, ಕತ್ತು ಬಿಗಿ, ಮಾತಿನಲ್ಲಿ ಗೊಂದಲ, ಫಿಟ್ಸ್. "ಅಜ್ಜಗ ಹುಣ್ಣಿನ ಉರಿಗೆ ತಲಿ ಕೆಟ್ಟೈತಿ, ಏನೇನೋ ಮಾತಾಡ್ತಾನ" ಅಂತ ಮನೆಯಲ್ಲಿ ಕೂಡಿಸಿಕೊಂಡು ಕೂರಬಾರದು. ಇದರಲ್ಲೇ ಒಂದು ಸೂಕ್ಷ್ಮ ಇದೆ: ಕಿಡ್ನಿ ಕೆಟ್ಟವರಿಗೆ ಅಸೈಕ್ಲೋವಿರ್ ಪೂರ್ಣ ಪ್ರಮಾಣ ಕೊಟ್ಟರೆ ಆ ಔಷಧದಿಂದಲೇ ಇಂಥ ಗೊಂದಲ ಬರಬಹುದು. ಆದ್ದರಿಂದ ಕಿಡ್ನಿ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಪ್ರಮಾಣ ಕಡಿಮೆ ಮಾಡುತ್ತಾರೆ.

ಇನ್ನು ಗುಳ್ಳೆಯೇ ಏಳದೆ ನರದ ತೊಂದರೆ ಮಾತ್ರ ಬರುವ ಬಗೆಯೂ ಇದೆ. ಅದನ್ನು ಬೆನ್ನುನೀರು ತೆಗೆದು ಪರೀಕ್ಷಿಸಿಯೇ ಗೊತ್ತುಮಾಡಬೇಕು. ಅದು ದೊಡ್ಡಾಸ್ಪತ್ರೆಯವರ ಕೆಲಸ, ಇಲ್ಲಿ ಹೆಚ್ಚು ಹೇಳುವುದಿಲ್ಲ. ಬೆನ್ನುನೀರು ತೆಗೆದರೆ ಕಾಲು ಹೋಗುತ್ತವೆ ಎಂಬುದು ಸುಳ್ಳು, ಇಷ್ಟು ಮಾತ್ರ ನೆನಪಿಡಿ.

ಈಗ ನಾನು ಈ ವೇದಿಕೆಯಲ್ಲಿ ಹೇಳಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದ ಮಾತು. 2006ರಲ್ಲಿ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಇಪ್ಪತ್ತೆಂಟು ವಯಸ್ಸು, ಮದುವೆಯಾಗಿ ಮೂರು ವರ್ಷ, ಒಂದು ಕೂಸು. ಊರು, ಕಸುಬು ಹೇಳುವುದಿಲ್ಲ. ಬಲಗಡೆ ಹಣೆಯ ಮೇಲೆ ದಟ್ಟವಾಗಿ ಸರ್ಪ ಎದ್ದಿತ್ತು. ಗುಳಿಗೆ ಕೊಟ್ಟೆ, ಕಣ್ಣಿನ ಡಾಕ್ಟರಿಗೆ ತೋರಿಸು ಅಂತ ಚೀಟಿ ಬರೆದೆ. ಅವನೂ ತೋರಿಸಿದ, ಕಣ್ಣು ಉಳಿಯಿತು. ಎಲ್ಲಾ ಸರಿಯಾಗಿ ಮಾಡಿದೆ ಅಂದುಕೊಂಡೆ. ಒಂದು ಮಾತ್ರ ಮಾಡಲಿಲ್ಲ. ಇಷ್ಟು ಸಣ್ಣ ವಯಸ್ಸಿಗೆ ಇದು ಯಾಕೆ ಬಂತು ಅಂತ ಕೇಳಲಿಲ್ಲ. ನನಗೆ ಅನುಮಾನ ಬರಲಿಲ್ಲ ಅಂತಲ್ಲ. ಬಂದಿತ್ತು. ಜೊತೆಗೆ ಅವನ ಮಾವ ಬಂದಿದ್ದರು, ದೊಡ್ಡ ಮನುಷ್ಯರು, ನನಗೆ ಪರಿಚಯದವರು. ಎಚ್.ಐ.ವಿ. ಪರೀಕ್ಷೆ ಮಾಡಿಸು ಅಂತ ಅವರ ಮುಂದೆ ಹೇಳಲು ಸಂಕೋಚ ಆಯಿತು. ಅವರನ್ನು ಹೊರಗೆ ಕೂಡ್ರಿ ಅನ್ನಲೂ ಸಂಕೋಚ. ಹೋಗಲಿ, ಇನ್ನೊಮ್ಮೆ ಬಂದಾಗ ನೋಡೋಣ ಅಂತ ಬಿಟ್ಟೆ.

ಎರಡೂವರೆ ತಿಂಗಳಿಗೆ ಅವನು ಇನ್ನೊಮ್ಮೆ ಬಂದ. ನಡೆದು ಬರಲಿಲ್ಲ. ರಾತ್ರಿ ಊಟ ಮಾಡಿ ಮಲಗಿದವನಿಗೆ ಬೆಳಿಗ್ಗೆ ಎಡಗೈ ಎಡಗಾಲು ಸ್ವಾಧೀನ ಇರಲಿಲ್ಲ. ಹಣೆಯ ಕಲೆ ಇನ್ನೂ ಕಪ್ಪಗೆ ಇತ್ತು. ಹಣೆಯ ನರಕ್ಕೂ ಮೆದುಳಿನ ರಕ್ತನಾಳಗಳಿಗೂ ಒಂದೇ ಬೇರಿನಿಂದ ಎಳೆಗಳು ಹೋಗುತ್ತವೆ. ವೈರಾಣು ಆ ಎಳೆ ಹಿಡಿದು ಹೋಗಿ ರಕ್ತನಾಳದ ಗೋಡೆಗೆ ಉರಿಯೂತ ತರುತ್ತದೆ, ನಾಳ ಕಿರಿದಾಗುತ್ತದೆ, ಕೊನೆಗೆ ಮುಚ್ಚುತ್ತದೆ. ಬಲಗಡೆ ಹಣೆಯ ಸರ್ಪಕ್ಕೆ ಎಡಗಡೆ ಮೈ ಹೋಗುತ್ತದೆ, ಯಾಕೆಂದರೆ ಮೆದುಳಿನ ಬಲಭಾಗ ದೇಹದ ಎಡಭಾಗವನ್ನು ನಡೆಸುತ್ತದೆ. ಹುಣ್ಣು ಮಾಯ್ದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಈ ಅಪಾಯ ಇರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಅವತ್ತೇ ಮೊದಲು. ಆಗ ಪರೀಕ್ಷೆ ಆಯಿತು. ಅವನಿಗೂ ಇತ್ತು, ಹೆಂಡತಿಗೂ ಇತ್ತು. ಕೂಸಿಗೆ ಇರಲಿಲ್ಲ.

ನಮ್ಮ ದೇಶದಲ್ಲಿ ಸರಕಾರ ಎಚ್.ಐ.ವಿ. ಔಷಧವನ್ನು ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಿಂದ. ಅಂದರೆ ಅವನು ನನ್ನ ಮುಂದೆ ಕುಳಿತಿದ್ದ ದಿನ ಔಷಧ ಇತ್ತು. ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಲಕ್ವಾ ತಪ್ಪುತ್ತಿತ್ತೋ ಇಲ್ಲವೋ ಖಚಿತವಾಗಿ ಹೇಳಲಾರೆ. ಸರ್ಪಕ್ಕೆ ಇನ್ನೂ ಗಟ್ಟಿಯಾದ ಚಿಕಿತ್ಸೆ ಕೊಡುತ್ತಿದ್ದೆ, ತಿಂಗಳು ತಿಂಗಳು ಕರೆಸಿ ನೋಡುತ್ತಿದ್ದೆ, ಇಷ್ಟಂತೂ ನಿಜ. ಅವನು ಈಗಲೂ ಇದ್ದಾನೆ. ದಿನಾ ಗುಳಿಗೆ ತಪ್ಪಿಸುವುದಿಲ್ಲ, ಕಾಲು ಎಳೆದು ನಡೆಯುತ್ತಾನೆ, ಕೂಸು ಕಾಲೇಜು ಮುಗಿಸಿತು. ಎಲ್ಲಿಯಾದರೂ ಎದುರಾದರೆ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರ ನನಗೆ ಭಾರ.

ಅದಕ್ಕೇ ಹೇಳುತ್ತೇನೆ. ನಲವತ್ತರ ಒಳಗಿನವರಿಗೆ ಸರ್ಪಸುತ್ತು ಬಂತು, ಅಥವಾ ಎರಡನೇ ಸಲ ಬಂತು, ಅಥವಾ ಬಹಳ ಹರಡಿತು ಅಂದರೆ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಬಂದವರೆಲ್ಲರಿಗೂ ಎಚ್.ಐ.ವಿ. ಇರುತ್ತದೆ ಅಂತ ದಯವಿಟ್ಟು ತಿಳಿಯಬೇಡಿ, ಯಾರ ಮೇಲೂ ಅನುಮಾನದ ಮಾತು ಆಡಬೇಡಿ. ಬಹುಪಾಲು ಹರೆಯದವರಿಗೆ ಏನೂ ಇರುವುದಿಲ್ಲ. ಇದ್ದವರಿಗೆ ಮೊದಲೇ ತಿಳಿದರೆ ಅವರೂ ನಮ್ಮ ನಿಮ್ಮಂತೆಯೇ ಬಹುಕಾಲ ಬಾಳುತ್ತಾರೆ. 2017ರಿಂದ ರಕ್ತದ ಎಣಿಕೆ ಎಷ್ಟೇ ಇರಲಿ, ಸೋಂಕು ಇದೆ ಅಂತ ಗೊತ್ತಾದ ಎಲ್ಲರಿಗೂ ಔಷಧ ಕೊಡುತ್ತಾರೆ. ಪರೀಕ್ಷೆ ಪುಕ್ಕಟೆ, ಗುಟ್ಟು ಕಾಪಾಡುತ್ತಾರೆ. ಗುಟ್ಟು ಬಿಟ್ಟುಕೊಡುವುದು, ಇದೇ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ ಹೊರಗಿಡುವುದು 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ ತಪ್ಪು. ಯಾರನ್ನೂ ಕೇಳಲು ಮುಜುಗರ ಅನ್ನುವವರಿಗೆ 1097 ಎಂಬ ಪುಕ್ಕಟೆ ಫೋನ್ ನಂಬರ್ ಇದೆ. ಮತ್ತೊಂದು ವಿಷಯ: ಎಚ್.ಐ.ವಿ. ಔಷಧ ಶುರುಮಾಡಿದ ಮೊದಲ ಕೆಲವು ತಿಂಗಳಲ್ಲೂ ಸರ್ಪ ಏಳುವುದುಂಟು. ಮಲಗಿದ್ದ ಕಾವಲುಗಾರ ಎದ್ದು ಗದ್ದಲ ಮಾಡಿದಂತೆ ಅದು. ಔಷಧ ಒಗ್ಗಲಿಲ್ಲ ಅಂತ ಬಿಡಬಾರದು.

ಚಿಕಿತ್ಸೆಯ ಮಾತು. ಅಸೈಕ್ಲೋವಿರ್ ಔಷಧ ಬಂದದ್ದು 1980ರ ದಶಕದಲ್ಲಿ. ಅದರ ಹಿಂದಿನ ಸಂಶೋಧನೆ ನಡೆಸಿದ ತಂಡದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಗೆ 1988ರಲ್ಲಿ ನೊಬೆಲ್ ಬಂತು. ಈಗ ಎಲ್ಲಾ ಕಡೆ ಸಿಗುತ್ತದೆ. ಗುಳ್ಳೆ ಎದ್ದ 72 ತಾಸಿನೊಳಗೆ ಶುರು ಮಾಡಿದರೆ ಗುಣ ಹೆಚ್ಚು. ದೊಡ್ಡವರಿಗೆ 800 ಮಿಲಿಗ್ರಾಂ ಗುಳಿಗೆ ದಿನಕ್ಕೆ ಐದು ಸಲ, ಏಳು ದಿನ. ಐದು ಸಲ ಅಂದರೆ ಐದು ಸಲ. ನಮ್ಮವರು "ಮುಂಜಾನಿ ಒಂದು, ರಾತ್ರಿ ಒಂದು" ಅಂತ ತಾವೇ ತಿದ್ದಿಕೊಳ್ಳುತ್ತಾರೆ. ಸಾಲದ ಕಂತು ಐದರಲ್ಲಿ ಎರಡು ಕಟ್ಟಿ ಪೂರ್ತಿ ಆಯಿತು ಅಂದರೆ ಸಂಘದವರು ಒಪ್ಪುತ್ತಾರೇನು? ಇದೇ ಹೆಸರಿನ ಮುಲಾಮು ಹಚ್ಚಿಕೊಂಡರೆ ಸಾಲದು, ಅದು ನರಕ್ಕೆ ಇಳಿಯುವುದಿಲ್ಲ. ಬಲ ಕುಂದಿದವರಿಗೆ 72 ತಾಸು ದಾಟಿದ್ದರೂ ಔಷಧ ಕೊಡಲೇಬೇಕು. ಅವರಲ್ಲಿ ಹರಡಿದರೆ, ಕಣ್ಣಿಗೋ ನರಕ್ಕೋ ಹತ್ತಿದರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ನೇ ಆಗಬೇಕು.

ಜಾಜು, ಕೆಮ್ಮಣ್ಣು ಹಚ್ಚುವ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಹತ್ತಾರು ವರ್ಷದ ಹಿಂದೆ ಒಬ್ಬ ಅಜ್ಜನ ಹತ್ತಿರ ಹೋಗಿ, "ಯಜಮಾನ್ರ, ನಿಮ್ಮ ಕಡೆ ಬಂದವರನ್ನ ಮೊದಲ ನನ್ನ ಕಡೆ ಕಳಿಸ್ರಿ" ಅಂದೆ. ಅಜ್ಜ ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಹೇಳಿದ, "ಆಗಲೇಳ್ರಿ ಡಾಕ್ಟ್ರ. ನೀವು ಗುಳಿಗಿ ಕೊಡ್ರಿ, ನಾ ಜಾಜು ಹಚ್ಚತೀನಿ. ಆರಾಮಾದ್ರ ಇಬ್ಬರಿಗೂ ಹೆಸರು." ಮಾತಿಗೆ ತಪ್ಪಲಿಲ್ಲ. ಅವನು ಇರುವತನಕ ನನ್ನ ಆಸ್ಪತ್ರೆಗೆ ಮೊದಲ ದಿನವೇ ರೋಗಿಗಳು ಬಂದರು. ಆದರೆ ಸುಣ್ಣ, ಎಕ್ಕೆಯ ಹಾಲು, ಸುಡುವಂಥದ್ದು ಏನೇ ಇರಲಿ, ಹಚ್ಚಬಾರದು. ಬಲ ಕುಂದಿದವರ ಚರ್ಮ ಕೊಳೆಯಲು ಅಷ್ಟು ಸಾಕು.

ಈಗ ಮೊದಲು ಹೇಳಿದ ಆ ಯಜಮಾನರ ಉರಿಗೆ ಬರುತ್ತೇನೆ. ಹುಣ್ಣು ಮಾಯ್ದು ಮೂರು ತಿಂಗಳಾದರೂ ನೋವು ಉಳಿದರೆ ಅದಕ್ಕೆ ಬೇರೆಯೇ ಹೆಸರಿದೆ. ಸರ್ಪಸುತ್ತು ಆದ ನೂರು ಜನರಲ್ಲಿ ಸುಮಾರು ಹತ್ತರಿಂದ ಹದಿನೆಂಟು ಜನರಿಗೆ ಇದು ಉಳಿಯುತ್ತದೆ ಅಂತ ಅಮೆರಿಕದ ಲೆಕ್ಕ. ವಯಸ್ಸಾದಷ್ಟೂ ಹೆಚ್ಚು. ಚರ್ಮ ಮಾಯ್ದಿದೆ, ನರ ಮಾಯ್ದಿಲ್ಲ. ಕಾಲುವೆಯ ಲೈನಿಂಗ್ ಕಿತ್ತುಹೋದ ಮೇಲೆ ಹೇಗೆ ಸೋರುತ್ತದೋ ಹಾಗೆ, ಗಾಯಗೊಂಡ ನರ ಯಾರೂ ಮುಟ್ಟದಿದ್ದರೂ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಅಂಗಿ ತಾಕಿದರೆ, ಫ್ಯಾನಿನ ಗಾಳಿ ಬಡಿದರೆ ಕೆಂಡ ಸುರಿದಂತೆ. ಹೊರಗೆ ನೋಡಿದರೆ ಏನೂ ಕಾಣದು. ಅದಕ್ಕೇ ಮನೆಯವರಿಗೆ ನಾಟಕ ಅನ್ನಿಸುತ್ತದೆ. ರಾತ್ರಿಯಿಡೀ ಕುಪ್ಪಸ ತೊಡಲಾರದೆ ಕತ್ತಲಲ್ಲಿ ಕುಳಿತು ಅಳುವ ಮುದುಕಿಯರನ್ನು ನಾನು ನೋಡಿದ್ದೇನೆ.

ಇದಕ್ಕೆ ಸಾಮಾನ್ಯ ನೋವಿನ ಗುಳಿಗೆ ನಾಟುವುದಿಲ್ಲ. ತಿಂದೂ ತಿಂದೂ ಕಿಡ್ನಿ ಹಾಳಾಗುತ್ತದೆ. ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಅಂತ ನರದ ನೋವಿನ ಔಷಧಗಳಿವೆ. ಸಣ್ಣ ಪ್ರಮಾಣದಿಂದ ಶುರು ಮಾಡಿ ವಾರ ವಾರಕ್ಕೆ ಏರಿಸಬೇಕು. ಎರಡು ದಿನಕ್ಕೆ ಗುಣ ಕಾಣದು, ಕೆಲವು ವಾರ ತಾಳ್ಮೆ ಬೇಕು. ನಿದ್ದೆ ಜೋಲಿ ಬರುತ್ತದೆ, ಆದ್ದರಿಂದ ಅದನ್ನು ತಗೊಂಡು ಟ್ರ್ಯಾಕ್ಟರ್ ಹತ್ತಬಾರದು. ಹೃದಯದ ತೊಂದರೆ, ಮೂತ್ರ ಕಟ್ಟುವ ತೊಂದರೆ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಮೆಣಸಿನಕಾಯಿಯ ಖಾರದ ಅಂಶದಿಂದ ಮಾಡಿದ ಮುಲಾಮೂ ಈ ನೋವಿಗೆ ಇದೆ. ಹಚ್ಚಿ ಹಚ್ಚಿ ನರಕ್ಕೆ ಬೇಸರ ಬರಿಸುವ ಉಪಾಯ. ಇದನ್ನು ಕೇಳಿ ಯಾರೂ ಮನೆಯಲ್ಲಿ ಖಾರದ ಪುಡಿ ಕಲಸಬೇಡ್ರಪ್ಪ, ಕೈ ಮುಗಿಯುತ್ತೇನೆ.

ತಡೆಯಲು ಲಸಿಕೆ ಉಂಟೇ ಅಂದರೆ ಉಂಟು. ಶಿಂಗ್ರಿಕ್ಸ್ ಅಂತ. ನಮ್ಮ ದೇಶಕ್ಕೆ 2023ರಲ್ಲಿ ಬಂತು. ಇದರಲ್ಲಿ ಜೀವಂತ ವೈರಾಣು ಇಲ್ಲದ್ದರಿಂದ ಬಲ ಕುಂದಿದವರಿಗೂ ಡಾಕ್ಟರ ಸಲಹೆ ಮೇಲೆ ಕೊಡಬಹುದು. ಎರಡು ಡೋಸು. ಐವತ್ತು ದಾಟಿದ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರಕ್ಷಣೆ ಕಂಡಿದೆ. ಅಸ್ಥಿಮಜ್ಜೆ ಚಿಕಿತ್ಸೆ ಪಡೆದಂಥ ತೀರಾ ಬಲಹೀನರಲ್ಲಿ ಅದು ಅರವತ್ತೆಂಟರಷ್ಟು. ಬೆಲೆ ಮಾತ್ರ ಒಂದು ಡೋಸಿಗೆ ಸುಮಾರು ಹತ್ತು ಸಾವಿರ ರೂಪಾಯಿ. ಒಂದು ಎಕರೆ ಭತ್ತದ ಖರ್ಚು ವೆಚ್ಚ ಗೊತ್ತಿರುವ ನಿಮ್ಮ ಮುಂದೆ ಇದನ್ನು ಎಲ್ಲರೂ ಹಾಕಿಸಿಕೊಳ್ಳಿ ಅಂತ ಹೇಳುವ ಧೈರ್ಯ ನನಗಿಲ್ಲ. ಕಿಡ್ನಿ ಬದಲಿಗೆ ಕಾದಿರುವವರು, ಕ್ಯಾನ್ಸರ್ ಚಿಕಿತ್ಸೆಗೆ ಹೊರಟವರು ಇದ್ದರೆ ಅವರ ಡಾಕ್ಟರನ್ನು ಕೇಳಿ ನೋಡಿ.

(ಭಾಷಣದ ನಂತರ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು)

ಪ್ರಶ್ನೆ: ಯಶಸ್ವಿನಿ ಕಾರ್ಡಿನಾಗ ಇದಕ್ಕ ರೊಕ್ಕ ಬರ್ತೈತೇನ್ರಿ?

ಉತ್ತರ: ಯಶಸ್ವಿನಿ ಸಹಕಾರಿಗಳದೇ ಯೋಜನೆ, 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ 2022-23ರಲ್ಲಿ ಬಂತು. ಅದರ ಕಟ್ಟುಪಾಡು ಹೆಚ್ಚಾಗಿ ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳಿಗೆ. ಮನೆಯಲ್ಲಿ ನುಂಗುವ ಗುಳಿಗೆಗೆ ಅದನ್ನು ನೆಚ್ಚಿ ಕೂರಬೇಡಿ. ಸರಕಾರಿ ಆಸ್ಪತ್ರೆಗೆ ಹೋಗಿ. ಕಾರ್ಡಿನ ವಿಚಾರ ಬಗೆಹರಿಯುವಷ್ಟರಲ್ಲಿ 72 ತಾಸು ಮುಗಿದಿರುತ್ತದೆ.

ಪ್ರಶ್ನೆ: ಸರ್ಪ ಆದವರಿಗೆ ಮೊಸರು, ಬದನೀಕಾಯಿ, ಮಾಂಸ ಬಿಡಿಸ್ತಾರ. ಖರೇ ಏನ್ರಿ?

ಉತ್ತರ: ಪಥ್ಯ ಬೇಕಿಲ್ಲ. ಬಲ ಕುಂದಿದವರಿಗೆ ಊಟ ಬಿಡಿಸಿದರೆ ಇನ್ನಷ್ಟು ಕುಂದುತ್ತಾರೆ. ರೊಟ್ಟಿ, ಬೇಳೆ, ಮೊಸರು, ಮೊಟ್ಟೆ ತಿನ್ನುವವರು ಮೊಟ್ಟೆ, ಎಲ್ಲಾ ಕೊಡಿ. ಗುಳಿಗೆ ತಗೊಳ್ಳುವಾಗ ನೀರು ಹೆಚ್ಚು ಕುಡಿಯಲಿ.

ಪ್ರಶ್ನೆ (ಒಬ್ಬ ತಾಯಿಯಿಂದ): ನಮ್ಮತ್ತಿಗೆ ನಿನ್ನೆ ಎದ್ದೈತ್ರಿ. ಮಗಳು ಬಾಣಂತನಕ್ಕ ಬಂದಾಳ, ಹನ್ನೆರಡು ದಿನದ ಕೂಸು ಐತಿ. ಏನ್ ಮಾಡ್ಲಿ?

ಉತ್ತರ: ಛಲೋ ಕೇಳಿದಿರವ್ವಾ. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಹತ್ತುವುದಿಲ್ಲ. ಆದರೆ ಗುಳ್ಳೆಯ ನೀರು ತಾಕಿದರೆ, ಮೊದಲು ಅಮ್ಮ ಬಾರದವರಿಗೆ ಅಮ್ಮ ಬರಬಹುದು. ಎಳೆಗೂಸಿಗೆ, ಬಸುರಿಗೆ ಅದು ಕಷ್ಟ. ನಿಮ್ಮ ಮಗಳಿಗೆ ಸಣ್ಣಾಕಿ ಇದ್ದಾಗ ಅಮ್ಮ ಬಂದಿತ್ತೇನು? ಬಂದಿದ್ದರೆ ಆಕೆಗೆ ಚಿಂತೆ ಇಲ್ಲ, ಕೂಸಿಗೂ ತಾಯಿಯಿಂದ ಸ್ವಲ್ಪ ರಕ್ಷಣೆ ಬಂದಿರುತ್ತದೆ. ಬಂದಿಲ್ಲ, ಅಥವಾ ನೆನಪಿಲ್ಲ ಅಂದರೆ ಇವತ್ತೇ ಡಾಕ್ಟರಿಗೆ ತಿಳಿಸಿ, ನಾಳೆ ಅನ್ನಬೇಡಿ. ಅತ್ತೆಯ ಗುಳ್ಳೆಗಳ ಮೇಲೆ ಒಣ ಅರಿವೆ ಮುಚ್ಚಿಡಿ, ಟವೆಲ್ಲು ಹಾಸಿಗೆ ಬೇರೆ ಮಾಡಿ, ಹುಣ್ಣು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಅತ್ತೆಯನ್ನೂ ಈ ಸಭೆ ಮುಗಿದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಿನ್ನೆ ಎದ್ದದ್ದು ಅಂದರೆ ಇನ್ನೂ ಹೊತ್ತು ಮೀರಿಲ್ಲ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಲು ವಾರ ಹತ್ತು ದಿನ ಬೇಕು. ಅಲ್ಲಿತನಕ ಅವರು ಕೂಸನ್ನು ದೂರದಿಂದ ನೋಡಲಿ, ಆಮೇಲೆ ತೊಡೆಯ ಮೇಲೆ ಹಾಕಿಕೊಂಡು ಆಡಿಸಲಿ.